ವಾಲ್ನೂರಿನ ಬಂಡೆಗಳ ನಡುವೆ ಯಾವ ರಿಗ್? ಮಹಶೀರ್ ಗಾಳಕ್ಕೆ ನಾನು ಕಟ್ಟಿ ನೋಡಿದ ನಾಲ್ಕು ಬಗೆ

ಕಾವೇರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವವರು ರಾಡ್ ಮತ್ತು ರೀಲ್‌ಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತನಾಡುತ್ತಾರೆ. ದಾರದ ಕೊನೆಯ ಒಂದು ಮಾರಿನಲ್ಲಿ ಏನು ಕಟ್ಟಿದ್ದೀರಿ ಎಂದು ಕೇಳಿದರೆ ಮಾತ್ರ ಉತ್ತರ ಒಂದೇ ಸಾಲಿಗೆ ಮುಗಿಯುತ್ತದೆ: ‘ಸೀಸ, ಕೊಕ್ಕೆ, ರಾಗಿ.’ ಮೀನು ದಡಕ್ಕೆ ಬರುವುದೋ ಇಲ್ಲವೋ ಎಂಬುದು ಬಹುಪಾಲು ಆ ಒಂದು ಮಾರಿನಲ್ಲಿಯೇ ತೀರ್ಮಾನವಾಗುತ್ತದೆ. ದಾರ ಕಡಿದುಕೊಂಡು ಹೋದ ಮೀನು ಬದುಕುವುದೋ ಸಾಯುವುದೋ ಎಂಬುದಂತೂ ಪೂರ್ತಿ ಅಲ್ಲಿಯೇ. ಅದಕ್ಕೇ ರಿಗ್ ಬಗ್ಗೆ, ಅಂದರೆ ದಾರದ ತುದಿಯಲ್ಲಿ ಭಾರ, ಕೊಕ್ಕೆಗಳನ್ನು ಕಟ್ಟುವ ಕ್ರಮದ ಬಗ್ಗೆ ಬರೆಯುತ್ತಿದ್ದೇನೆ.

ನಾನು ಹೋಲಿಸಿ ನೋಡಿದ್ದು ನಾಲ್ಕು ಬಗೆಗಳನ್ನು. ದಾರಕ್ಕೆ ಸೀಸದ ಪಟ್ಟಿ ಸುತ್ತುವ ನಮ್ಮ ಹಳೆಯ ಕ್ರಮ, ದಾರದ ಮೇಲೆ ಜಾರುವ ಸೀಸ, ಸೀಸಕ್ಕೆ ಬೇರೆಯೇ ತೆಳುದಾರ ಕೊಡುವ ಕವಲು ರಿಗ್, ಮತ್ತು ಬೆಂಡು. ಸಾಧ್ಯವಾದಾಗಲೆಲ್ಲ ಗೆಳೆಯನೊಬ್ಬನ ಜೊತೆ ಹೋಗಿ, ಒಂದೇ ಮಡುವಿನಲ್ಲಿ, ಒಂದೇ ಮುದ್ದೆಯಿಂದ ಕಿತ್ತ ಉಂಡೆಗಳನ್ನು ಎರಡು ರಾಡ್‌ಗಳಿಗೆ ಎರಡು ಬಗೆಯ ರಿಗ್ ಕಟ್ಟಿ ಬಿಟ್ಟು, ಅರ್ಧ ಹೊತ್ತಿಗೆ ಜಾಗ ಅದಲುಬದಲು ಮಾಡಿಕೊಂಡು ನೋಡಿದ್ದೇವೆ. ಇದರಿಂದ ಪ್ರಯೋಗಾಲಯದ ಖಚಿತತೆ ಸಿಗುವುದಿಲ್ಲ. ಆದರೆ ‘ಅಂದು ನೀರು ಬೇರೆ, ಇಂದು ನೀರು ಬೇರೆ’ ಎಂಬ ತಕರಾರು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಮೊದಲು ಹೊಳೆಯ ಸ್ವಭಾವ. ಕೊಡಗಿನ ಸಿದ್ದಾಪುರದಿಂದ ವಾಲ್ನೂರು, ದುಬಾರೆ ದಾಟಿ ಕುಶಾಲನಗರದ ಕಡೆಗೆ ಹರಿಯುವ ಕಾವೇರಿಯ ತಳ ಬಹುತೇಕ ಬಂಡೆ. ಬಂಡೆಗಳ ನಡುವೆ ಸೀಳು, ಸೀಳಿನಲ್ಲಿ ಮಳೆಗಾಲ ತಂದು ತುರುಕಿದ ಬಿದಿರಿನ ಬುಡ, ಅದರ ಮೇಲೆ ಯಾರೋ ಕಡಿದು ಬಿಟ್ಟ ಹಳೆಯ ದಾರ. ಹಾರಂಗಿ ಬಂದು ಸೇರುವುದು ಇನ್ನೂ ಕೆಳಗೆ, ಕೂಡಿಗೆಯಲ್ಲಿ. ಹಾಗಾಗಿ ವಾಲ್ನೂರಿನ ನೀರು ಅಣೆಕಟ್ಟಿನ ಗೇಟಿಗಿಂತ ಹೆಚ್ಚಾಗಿ ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ ಏರಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು. ಪುತ್ತರಿಯ ಹೊತ್ತಿಗೆ ತಿಳಿಯಾಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಕಾಫಿ ತೋಟಗಳ ಪಂಪ್‌ಗಳು ದಡದುದ್ದಕ್ಕೂ ಓಡುತ್ತವೆ. ಬೇಸಿಗೆ ಬಲಿತ ವರ್ಷಗಳಲ್ಲಿ ದುಬಾರೆಯಲ್ಲಿ ಬಂಡೆಯಿಂದ ಬಂಡೆಗೆ ಹೆಜ್ಜೆಯಿಟ್ಟು ಹೊಳೆ ದಾಟಬಹುದು. ಡಿಸೆಂಬರ್‌ನಲ್ಲಿ ಸಲೀಸಾಗಿ ನಡೆದ ರಿಗ್ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಪ್ರತಿ ಎಸೆತಕ್ಕೂ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ.

ಇನ್ನು ಮೀನು. ಇಂದು ಕಾವೇರಿಯಲ್ಲಿ ಹೆಚ್ಚಾಗಿ ಗಾಳಕ್ಕೆ ಬರುವುದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಇದರ ಮರಿಗಳನ್ನು 1970ರ ದಶಕದ ಕೊನೆಯಿಂದ ಇಲ್ಲಿಗೆ ತಂದು ಬಿಟ್ಟರು. ಕಾವೇರಿ ಜಲಾನಯನಕ್ಕೇ ಸೀಮಿತವಾದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್ ಮಾತ್ರ ಕಣ್ಮರೆಯಾಗುತ್ತಾ ಬಂದಿದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ದಾಖಲೆಯ ಮೀನಿನ ಕುಲ ಅದು. ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅತಿ ಗಂಭೀರ ವರ್ಗಕ್ಕೆ ಸೇರಿಸಿತು. ಗಾಳ ನೀರಿಗೆ ಬಿದ್ದ ಮೇಲೆ ಯಾವ ಮಹಶೀರ್ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಿಡಿದದ್ದನ್ನು ಬಿಟ್ಟುಬಿಡುವುದು ವಾಲ್ನೂರಿನಲ್ಲಿ ನಿಯಮ. ಅಲ್ಲಿನ ಹೊಳೆಯ ಪಾತ್ರವನ್ನು ಬಹುಕಾಲದಿಂದ ಕಾಯ್ದುಕೊಂಡು ಬಂದಿರುವುದು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ. ಪರವಾನಗಿ ಪಡೆಯದೆ ಅಲ್ಲಿ ಗಾಳ ಹಾಕುವಂತಿಲ್ಲ. ಆದರೆ ಕೈಗೆ ಬಂದ ಮೀನನ್ನು ಬಿಟ್ಟರೆ ಸಾಲದು, ಕೈಗೆ ಬಾರದೆ ದಾರ ಕಡಿದುಕೊಂಡ ಮೀನೂ ಬದುಕಬೇಕು. ಆದ್ದರಿಂದ ನನ್ನ ಅಳತೆಗೋಲು ಇದು: ದಾರ ಕಡಿದಾಗ ಮೀನಿನ ಬಾಯಿಯಲ್ಲಿ ಏನು ಉಳಿಯುತ್ತದೆ? ಬರೀ ಕೊಕ್ಕೆಯೇ, ಅಥವಾ ಕೊಕ್ಕೆಯ ಜೊತೆ ಸೀಸವನ್ನೂ ಎಳೆದುಕೊಂಡು ಹೋಗಿ ಯಾವುದೋ ಬೇರಿಗೆ ಸಿಕ್ಕಿ ಅಲ್ಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆಯೇ?

ಯೂಟ್ಯೂಬ್‌ನಲ್ಲಿ ಯುರೋಪಿನ ನದಿಗಳ ಪೈಕ್ ಎಂಬ ಮೀನಿನ ಬೇಟೆ ನೋಡಿ ಅದೇ ರಿಗ್ ಕಟ್ಟಿಕೊಂಡು ಬರುವ ಹುಡುಗರು ಈಚೆಗೆ ಹೆಚ್ಚಾಗಿದ್ದಾರೆ. ಉಕ್ಕಿನ ತಂತಿ, ಅದಕ್ಕೆ ಮೂರು ಮೊನೆಯ ಕೊಕ್ಕೆ ಎರಡು, ಇಡೀ ಸತ್ತ ಮೀನು. ಪೈಕ್‌ಗೆ ಅದು ಸರಿ. ಅದರ ದವಡೆಯ ತುಂಬ ಚೂಪಾದ ಹಲ್ಲು, ತಂತಿಯಿಲ್ಲದಿದ್ದರೆ ನೈಲಾನ್ ದಾರವನ್ನು ಕತ್ತರಿಸಿಬಿಡುತ್ತದೆ. ಹಾಗೆ ಕತ್ತರಿಸಿಕೊಂಡು ಹೋದ ಮೀನಿನ ಬಾಯಿಯಲ್ಲಿ ಕೊಕ್ಕೆಗಳು ಉಳಿಯಬಾರದೆಂದೇ ಅಲ್ಲಿನವರು ತಂತಿಯನ್ನು ಕಡ್ಡಾಯವೆಂದು ನಂಬುತ್ತಾರೆ. ಮಹಶೀರ್‌ನ ದವಡೆಯಲ್ಲಿ ಹಲ್ಲೇ ಇಲ್ಲ. ಅದರ ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಬಸವನಹುಳುಗಳನ್ನು ಅಲ್ಲಿ ಜಜ್ಜಿ ನುಂಗುತ್ತದೆ. ದಾರವನ್ನು ಕಡಿಯುವುದು ಇಲ್ಲಿ ಬಂಡೆ. ಬಂಡೆಗೆ ತಂತಿ ಉತ್ತರವಲ್ಲ. ಒಮ್ಮೆ ಸುಕ್ಕುಬಿದ್ದರೆ ತಂತಿ ಅಲ್ಲಿಂದಲೇ ಮುರಿಯುತ್ತದೆ. ಸಣ್ಣ ಹಲ್ಲುಗಳ ಸಾಲಿರುವ ಬಾಳೆ ಮೀನಿಗೂ ದಪ್ಪ ನೈಲಾನ್ ಸಾಕಾಗುತ್ತದೆ. ಪೈಕ್ ಹಿಡಿಯುವವರಿಂದ ಕಲಿಯಬೇಕಾದ ಸಂಗತಿ ತಂತಿಯಲ್ಲ, ತಪ್ಪಿಸಿಕೊಂಡ ಮೀನಿನ ಬಗ್ಗೆ ಅವರಿಗಿರುವ ಆ ಕಾಳಜಿ.

ಈಗ ನಮ್ಮ ಹಳೆಯ ಕ್ರಮಕ್ಕೆ ಬರುತ್ತೇನೆ. ಕೊಕ್ಕೆಯಿಂದ ಎರಡು ಗೇಣು ಮೇಲೆ ದಾರಕ್ಕೆ ಚಪ್ಪಟೆ ಸೀಸದ ಪಟ್ಟಿಯನ್ನು ಸುರುಳಿ ಸುತ್ತುವುದು; ಕೊಕ್ಕೆಯನ್ನು ಮುಚ್ಚುವಂತೆ ನಿಂಬೆ ಗಾತ್ರದ ರಾಗಿ ಉಂಡೆ. ಇದಕ್ಕಿಂತ ಸರಳವಾದದ್ದು ಇಲ್ಲ. ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಕೊಂಡಿ) ಬೇಡ, ಮಣಿ ಬೇಡ, ಒಂದೇ ಗಂಟು. ಸೆಳೆತ ಹೆಚ್ಚಾದರೆ ಇನ್ನೆರಡು ಸುತ್ತು, ಕಡಿಮೆಯಾದರೆ ಎರಡು ಸುತ್ತು ಬಿಚ್ಚು. ಉದ್ದಕ್ಕೆ ಹರಡಿದ ಸೀಸ ಬಂಡೆಯ ಮೈಗೆ ಅಂಟಿದಂತೆ ಮಲಗುತ್ತದೆ, ಗುಂಡು ಸೀಸದಂತೆ ಸೀಳಿನೊಳಗೆ ಬೀಳುವುದಿಲ್ಲ. ನೊರೆಯೆದ್ದು ಹರಿಯುವ ನೀರಿನ ಅಂಚಿನಲ್ಲಿ, ಉಂಡೆ ಒಂದೆರಡು ಅಡಿ ಉರುಳಿ ಬಂಡೆಯ ಹಿಂದೆ ನಿಲ್ಲಬೇಕಾದಲ್ಲಿ, ಇದಕ್ಕೆ ಸಾಟಿಯಾದ ರಿಗ್ ನಾನು ನೋಡಿಲ್ಲ. ಅಲ್ಲಿ ಮಹಶೀರ್ ಸೀಸದ ಭಾರಕ್ಕೆ ಹೆದರುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಆ ವೇಗದ ನೀರಿನಲ್ಲಿ ಅದಕ್ಕೆ ಪರೀಕ್ಷಿಸಿ ನೋಡುವ ವ್ಯವಧಾನ ಇರುವುದಿಲ್ಲ. ಬಂದದ್ದನ್ನು ಹಿಡಿದು ತಿರುಗಿ ಓಡುತ್ತದೆ, ರೀಲ್ ಕೂಗುತ್ತದೆ.

ತೊಂದರೆ ಇರುವುದು ಸುತ್ತಿನ ಬಿಗಿಯಲ್ಲಿ. ಬಿಗಿಯಾಗಿ ಸುತ್ತಿದರೆ ಸೀಸದ ಅಂಚು ನೈಲಾನ್‌ಗೆ ಕಚ್ಚಿ ಅಲ್ಲಿ ದಾರ ಸೊರಗುತ್ತದೆ. ಸಡಿಲವಾಗಿ ಸುತ್ತಿದರೆ ಮೂರನೆಯ ಎಸೆತಕ್ಕೆ ಸೀಸ ಜಾರಿ ಕೊಕ್ಕೆಯ ಮೇಲೆ ಬಂದು ಕೂರುತ್ತದೆ. ಎರಡರ ನಡುವಿನ ಹದ ಕೈಗೆ ಗೊತ್ತಿರುವವರು ಇದ್ದಾರೆ. ಅವರು ಸುತ್ತಿದ ಪಟ್ಟಿ ಎಸೆತಕ್ಕೆ ಅಲುಗುವುದಿಲ್ಲ, ಬಂಡೆಗೆ ಸಿಕ್ಕಿ ಜೋರಾಗಿ ಎಳೆದರೆ ಬಿಚ್ಚಿಕೊಂಡು ದಾರವನ್ನು ಬಿಡುತ್ತದೆ. ದಡದಲ್ಲಿ ಹುಟ್ಟಿ ಬೆಳೆದವರು ಸುತ್ತುವುದನ್ನು ಪಕ್ಕದಲ್ಲಿ ಕುಳಿತು ನೋಡಿಯೇ ಅದನ್ನು ಕಲಿಯಬೇಕು, ಬರೆದು ತಿಳಿಸಲು ಬಾರದು. ಆ ಹದವಿಲ್ಲದ ಕೈ ಕಟ್ಟಿದ ಸುತ್ತು ಸೀಸ ನನ್ನ ಅಳತೆಗೋಲಿನಲ್ಲಿ ಸೋಲುತ್ತದೆ, ಏಕೆಂದರೆ ಮೇಲೆ ದಾರ ಕಡಿದರೆ ಸೀಸ ಪೂರ್ತಿಯಾಗಿ ಮೀನಿನ ಜೊತೆಗೇ ಹೋಗುತ್ತದೆ.

ಜಾರುವ ಸೀಸ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ, ಹೊಸಬರು ಮೊದಲು ಕಲಿಯುವ ರಿಗ್. ಮುಖ್ಯ ದಾರದ ಮೇಲೆ ರಂಧ್ರವಿರುವ ಸೀಸ, ಅದರ ಕೆಳಗೆ ಗಂಟನ್ನು ಕಾಯಲು ರಬ್ಬರ್ ಮಣಿ, ಸ್ವಿವೆಲ್, ಅಲ್ಲಿಂದ ಸುಮಾರು 60 ಸೆಂಟಿಮೀಟರ್ ಲೀಡರ್ (ಕೊಕ್ಕೆ ಕಟ್ಟುವ ತುದಿದಾರ), ಕೊಕ್ಕೆ. ಮೀನು ಎಳೆದಾಗ ದಾರ ಸೀಸದೊಳಗಿಂದ ಜಾರುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ, ರಾಡ್ ತುದಿಗೆ ಮಾತ್ರ ಎಲ್ಲ ತಿಳಿಯುತ್ತದೆ. ನಿಧಾನ ನೀರಿನ ಮಡುವಿನಲ್ಲಿ, ತಳ ಮರಳಾಗಿರುವಲ್ಲಿ, ಇದು ಬಹಳ ಚೆನ್ನಾಗಿ ನಡೆಯಿತು. ಜಿಲೇಬಿ ಮೀನಿನ ಚಿಲ್ಲರೆ ಕುಟುಕಿಗೂ ಮಹಶೀರ್‌ನ ಎಳೆತಕ್ಕೂ ವ್ಯತ್ಯಾಸ ಇದರಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆ ಯಾವುದರಲ್ಲೂ ತಿಳಿಯಲಿಲ್ಲ.

ಬಂಡೆ ಬಂದ ಕೂಡಲೇ ಇದರ ಗುಣವೇ ದೋಷವಾಗುತ್ತದೆ. ಸೀಸ ಸೀಳಿನಲ್ಲಿ ಕೂತಿದೆ, ಮೀನು ಕೆಳಗಡೆಗೆ ಓಡುತ್ತಿದೆ, ದಾರ ಆ ರಂಧ್ರದ ಮೂಲಕ ಗರಗರ ಹರಿಯುತ್ತಿದೆ ಎಂದುಕೊಳ್ಳಿ. ದಾರ ಈಗ ಬಂಡೆಯ ಮಟ್ಟದಲ್ಲೇ ತಿಕ್ಕುತ್ತಿದೆ, ರಾಡ್ ಎಷ್ಟು ಎತ್ತಿ ಹಿಡಿದರೂ ಆ ಕೋನ ಬದಲಾಗುವುದಿಲ್ಲ. ಮಹಶೀರ್‌ನ ಮೊದಲ ಓಟವೇ ಅತಿ ಜೋರಿನದು, ಹೆಚ್ಚು ಮೀನು ಕಳೆದುಕೊಳ್ಳುವುದೂ ಆಗಲೇ. ಇನ್ನೊಂದು ಅಪಾಯ ಅನೇಕರ ಗಮನಕ್ಕೆ ಬರುವುದಿಲ್ಲ. ಈಗ ಬಹಳಷ್ಟು ಮಂದಿ ರೀಲ್ ತುಂಬ ಹೆಣೆದ ದಾರ ಹಾಕಿ, ಅದರ ತುದಿಗೆ ನಾಲ್ಕೈದು ಮಾರು ದಪ್ಪ ನೈಲಾನ್ ಗಂಟು ಹಾಕುತ್ತಾರೆ. ಹೆಣೆದ ದಾರ ಬಂಡೆಯ ತಿಕ್ಕಾಟ ತಾಳುವುದಿಲ್ಲವಾದ್ದರಿಂದ ನೈಲಾನ್ ಬೇಕೇ ಬೇಕು, ತಕರಾರಿಲ್ಲ. ಆದರೆ ಸೀಸದ ರಂಧ್ರ ಕಿರಿದಾಗಿದ್ದರೆ ಆ ಗಂಟು ಅದರೊಳಗೆ ಹಾಯುವುದಿಲ್ಲ. ಮೇಲೆಲ್ಲೋ ದಾರ ಕಡಿದರೆ ಸೀಸ ಜಾರಿ ಕಳಚಬೇಕಾದದ್ದು ಗಂಟಿಗೆ ಬಂದು ನಿಲ್ಲುತ್ತದೆ. ಮೀನು ಸೀಸಕ್ಕೆ ಕಟ್ಟುಬಿದ್ದ ಹಾಗೆಯೇ. ಜಾರುವ ಸೀಸ ಕಟ್ಟುವವರು ದೊಡ್ಡ ಬಳೆಯ ಕ್ಲಿಪ್ ಬಳಸಿ, ನೀರಿಗೆ ಬಿಡುವ ಮೊದಲು ಗಂಟನ್ನು ಅದರೊಳಗೆ ಹಾಯಿಸಿ ನೋಡಬೇಕು. ಅರ್ಧ ನಿಮಿಷದ ಕೆಲಸ ಇದು.

ಇನ್ನು ಕವಲು ರಿಗ್. ನಾನು ಈಗ ಬಹುತೇಕ ಕಟ್ಟುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರು ಬಳೆಯ ಸ್ವಿವೆಲ್. ಮೇಲಿನ ಬಳೆಗೆ ಮುಖ್ಯ ದಾರ, 40 ಪೌಂಡಿನ ನೈಲಾನ್. ಒಂದು ಬಳೆಗೆ ಅಷ್ಟೇ ಬಲದ, ಸುಮಾರು 60 ಸೆಂಟಿಮೀಟರ್ ಉದ್ದದ ಲೀಡರ್ ಮತ್ತು ಕೊಕ್ಕೆ. ಮೂರನೆಯ ಬಳೆಗೆ ಒಂದು ಗೇಣು 10 ಪೌಂಡಿನ ತೆಳುದಾರ, ಅದರ ತುದಿಗೆ ಭಾರ. ಇಡೀ ರಿಗ್‌ನಲ್ಲಿ ಅತಿ ದುರ್ಬಲವಾದ ಜಾಗ ಯಾವುದೆಂದು ನಾವೇ ಮೊದಲು ನಿರ್ಧರಿಸಿರುತ್ತೇವೆ. ಭಾರ ಸೀಳಿಗೆ ಸಿಕ್ಕಿತೇ, ಎಳೆಯಿರಿ, ತೆಳುದಾರ ಹರಿಯುತ್ತದೆ, ಉಳಿದದ್ದೆಲ್ಲ ವಾಪಸು. ಮೀನು ಓಡುವಾಗ ಸಿಕ್ಕಿತೇ, ಮೀನಿನ ಎಳೆತಕ್ಕೇ ಹರಿಯುತ್ತದೆ, ಮುಂದಿನ ಹೋರಾಟ ಭಾರವಿಲ್ಲದೆ ನೇರವಾಗಿ ಮೀನಿನೊಂದಿಗೆ. ಕೊನೆಗೆ ಮುಖ್ಯ ದಾರವೇ ಕಡಿದರೂ ಮೀನು ಎಳೆದುಕೊಂಡು ಹೋದ ಭಾರ ಮೊದಲ ಬಂಡೆಗೆ ಸಿಕ್ಕಿದಾಗ ಕಳಚಿಕೊಳ್ಳುತ್ತದೆ. ನನ್ನ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಟ್ಟ ರಿಗ್ ಬೇರೊಂದಿಲ್ಲ.

ಪಕ್ಕಪಕ್ಕದಲ್ಲಿ ಬಿಟ್ಟು ನೋಡಿದಾಗ ಮೀನು ಮುಟ್ಟುವ ವಿಷಯದಲ್ಲಿ ಕವಲಿಗೂ ಸುತ್ತು ಸೀಸಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಟ್ಟಿದ ಮೇಲೆ ದಡಕ್ಕೆ ಬರುವ ವಿಷಯದಲ್ಲಿ ವ್ಯತ್ಯಾಸ ಎದ್ದು ಕಂಡಿತು, ಬೇಸಿಗೆಯ ತೆಳುನೀರಿನಲ್ಲಂತೂ ಇನ್ನಷ್ಟು. ಇದರ ಕೊರತೆ ಎಂದರೆ ಎಸೆಯುವಾಗ ಎರಡು ಕವಲುಗಳು ಹೆಣೆದುಕೊಳ್ಳುವುದು. ಲೀಡರ್ ಮೆದುವಾಗಿದ್ದಷ್ಟೂ ಹೆಚ್ಚು ತೊಡಕು. ಬಿರುಸಾದ ನೈಲಾನ್ ಬಳಸಿ, ಬೀಸಿ ಹೊಡೆಯದೆ ತೂಗಿ ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ದೂರ ಎಸೆಯಲೇಬೇಕಾದ ಜಾಗಕ್ಕೆ ಇದು ಹೇಳಿದ್ದಲ್ಲ. ಸೆಳೆತ ತೀರಾ ಜೋರಿದ್ದರೆ ನೀರೇ ಕವಲುಗಳನ್ನು ತಿರುಚಿ ಹಗ್ಗ ಮಾಡುತ್ತದೆ. ಅಲ್ಲಿ ಸುತ್ತು ಸೀಸಕ್ಕೇ ಮರಳುತ್ತೇನೆ.

ತೆಳುದಾರದ ಉಪಾಯವನ್ನು ಜಾರುವ ಸೀಸಕ್ಕೂ ಸೇರಿಸಬಹುದು. ಸೀಸವನ್ನು ನೇರವಾಗಿ ದಾರಕ್ಕೆ ಪೋಣಿಸುವ ಬದಲು, ಜಾರುವ ಬಳೆಯೊಂದಕ್ಕೆ ತೆಳುದಾರದಿಂದ ಕಟ್ಟುವುದು. ಮರಳಿನ ಮಡುವಿನಲ್ಲಿ ಅಲ್ಲಲ್ಲಿ ಬಂಡೆಯಿದ್ದರೆ ಈ ಮಿಶ್ರ ಕಟ್ಟು ಬಹಳ ಒಳ್ಳೆಯದು.

ಭಾರ ಹೊಳೆಯಲ್ಲೇ ಉಳಿಯುವ ರಿಗ್ ಕಟ್ಟುವಾಗ ಅದು ಸೀಸವೇ ಆಗಬೇಕೇ ಎಂದು ಕೇಳಲೇಬೇಕು. ಸೀಸ ವಿಷ. ಗಾಳದ ಸೀಸ ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿಯೇ ಸಣ್ಣ ಸೀಸದ ಭಾರಗಳ ಮಾರಾಟವನ್ನು ನಿಷೇಧಿಸಿತು. ಕಾವೇರಿಯಲ್ಲಿ ನೀರುನಾಯಿಗಳಿವೆ, ಈ ನೀರನ್ನು ಜನ ಕುಡಿಯುತ್ತಾರೆ. ಕವಲಿನ ತುದಿಗೆ ನಾನು ಹೊಳೆಯಲ್ಲೇ ಸಿಗುವ ಉದ್ದನೆಯ ಕಲ್ಲು ಕಟ್ಟುತ್ತೇನೆ. ನಡುವೆ ಸ್ವಲ್ಪ ಸೊಂಟವಿರುವ ಕಲ್ಲು ಆರಿಸಿ, ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿ, ಅದರಡಿ ತೆಳುದಾರ ತೂರಿಸಿದರೆ ಮುಗಿಯಿತು. ಸೀಸದಷ್ಟೇ ಹಿಡಿತಕ್ಕೆ ಕಲ್ಲು ಗಾತ್ರದಲ್ಲಿ ಬಹಳ ದೊಡ್ಡದಾಗಬೇಕು ನಿಜ, ಏಕೆಂದರೆ ಸೀಸ ನೀರಿಗಿಂತ 11 ಪಟ್ಟಿಗೂ ಹೆಚ್ಚು ಸಾಂದ್ರ, ಕಲ್ಲು ಮೂರು ಪಟ್ಟನ್ನೂ ಮುಟ್ಟುವುದಿಲ್ಲ. ತೂಗಿ ಬಿಡುವಷ್ಟು ದೂರಕ್ಕೆ ಅದು ಅಡ್ಡಿಯಲ್ಲ. ಜೀಪ್ ಗ್ಯಾರೇಜುಗಳಲ್ಲಿ ಎಸೆಯುವ ಹಳೆಯ ಸ್ಪಾರ್ಕ್ ಪ್ಲಗ್‌ಗಳನ್ನು ಕಟ್ಟುವವರೂ ಇದ್ದಾರೆ. ಸೀಸಕ್ಕಿಂತ ವಾಸಿ, ಕಲ್ಲಿಗಿಂತ ಕಡಿಮೆ ಎಂಬುದು ನನ್ನ ತೀರ್ಪು.

ಬೆಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯಲ್ಲಿ ಅತ್ತಿ, ನೇರಳೆ ಮರಗಳು ನೀರಿನ ಮೇಲೆ ಬಾಗಿ ಹಣ್ಣು ಉದುರಿಸುವ ಕಡೆ ಮಹಶೀರ್ ಕೆಳಗೆ ಬಂದು ಕಾಯುತ್ತದೆ. ಅಲ್ಲಿ ಜಾರುಬೆಂಡಿನ ಕೆಳಗೆ ಅದೇ ಹಣ್ಣನ್ನು ಚುಚ್ಚಿ ತೇಲಿಬಿಟ್ಟರೆ ತಳದ ಯಾವ ರಿಗ್‌ಗೂ ಸಿಗದ ಮೀನು ಸಿಗುತ್ತದೆ. ಬಂಡೆಯ ತಕರಾರೇ ಇಲ್ಲ. ಉಳಿದ ಕಡೆ, ಉಳಿದ ಕಾಲದಲ್ಲಿ, ನಿಂಬೆ ಗಾತ್ರದ ರಾಗಿ ಉಂಡೆಗೆ ಬೆಂಡು ಆಗಿಬರುವುದಿಲ್ಲ.

ರಿಗ್ ಯಾವುದೇ ಇರಲಿ, ಕೊಕ್ಕೆಗೆ ಉಂಡೆ ಹೇಗೆ ಕೂಡುತ್ತದೆ ಎಂಬುದು ಬೇರೆಯೇ ಹೋಲಿಕೆ. ಕೊಕ್ಕೆಯನ್ನು ಪೂರ್ತಿ ಮುಚ್ಚಿದ ಮುದ್ದೆಗೂ, ಕೊಕ್ಕೆಯ ಹಿಂದೆ ಗಿಡ್ಡ ದಾರದಲ್ಲಿ ಉಂಡೆಯನ್ನು ತೂಗಿಬಿಟ್ಟು ಕೊಕ್ಕೆಯನ್ನು ಬರಿದಾಗಿ ಇಡುವ ಹೇರ್ ರಿಗ್‌ಗೂ ನಡುವೆ ನಾನು ಎರಡನೆಯದರ ಕಡೆ ವಾಲಿದ್ದೇನೆ. ಬರಿಯ ಕೊಕ್ಕೆ ಹೆಚ್ಚಾಗಿ ತುಟಿಗೇ ನಾಟುತ್ತದೆ. ಮುಚ್ಚಿದ ಕೊಕ್ಕೆ ಕೆಲವೊಮ್ಮೆ ಒಳಗೆ ಹೋಗುತ್ತದೆ; ಗಂಟಲಿನ ಆ ಹಲ್ಲುಗಳು ತೆಳುವಾದ ಕೊಕ್ಕೆಯನ್ನು ಚಪ್ಪಟೆ ಮಾಡಿಬಿಡಬಲ್ಲವು, ಬಿಡಿಸುವಾಗ ಮೀನಿಗೂ ಹಿಂಸೆ. ಹೇರ್ ರಿಗ್‌ಗೆ ರಾಗಿ ಗಟ್ಟಿಯಾಗಿರಬೇಕು. ಮುದ್ದೆಯನ್ನು ಬಿಗಿಯಾಗಿ ನಾದಿ, ಉಂಡೆ ಕಟ್ಟಿ, ಮತ್ತೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿದರೆ ಹೊರಮೈ ರಬ್ಬರಿನಂತಾಗುತ್ತದೆ, ಜಿಲೇಬಿ ಕುಟುಕಿದರೂ ಉದುರುವುದಿಲ್ಲ. ನಾದುವಾಗ ಸೋಂಪಿನ ಪುಡಿ, ಸ್ವಲ್ಪ ಬೆಲ್ಲ. ಉಂಡೆ ಜಾರದಂತೆ ತಡೆಯಲು ತೆಂಗಿನ ಗರಿಯ ಕಡ್ಡಿಯ ಚೂರು ಸಾಕು, ಅಂಗಡಿಯ ಪ್ಲಾಸ್ಟಿಕ್ ಬೇಡ. ಏಡಿ ಚುಚ್ಚುವವರಿಗೆ ಮಾತ್ರ ಹೇರ್ ರಿಗ್ ಉಪಯೋಗವಿಲ್ಲ.

ಕೊಕ್ಕೆ ಒಂಟಿಯಾಗಿರಲಿ, ದಪ್ಪ ತಂತಿಯದಾಗಿರಲಿ, ಗಾತ್ರ 2/0ರಿಂದ 5/0ರೊಳಗೆ ಉಂಡೆಗೆ ತಕ್ಕಂತೆ. ಕೊಕ್ಕೆಯ ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿಬಿಡಿ. ಮುಳ್ಳಿಲ್ಲದಿದ್ದರೆ ಮೀನು ಕಳಚಿಕೊಳ್ಳುತ್ತದೆ ಎನ್ನುವವರಿಗೆ ನನ್ನ ಉತ್ತರ: ದಾರ ಸಡಿಲ ಬಿಟ್ಟರೆ ಮಾತ್ರ. ಕಡಿದುಕೊಂಡು ಹೋದ ಮೀನು ಮುಳ್ಳಿಲ್ಲದ ಕೊಕ್ಕೆಯನ್ನು ಬೇಗ ಉದುರಿಸಿಕೊಳ್ಳುತ್ತದೆ, ನನಗೆ ಬೇಕಾದದ್ದೂ ಅದೇ. ಸ್ಟೇನ್‌ಲೆಸ್ ಉಕ್ಕಿನ ಕೊಕ್ಕೆಗಳನ್ನು ಕೊಳ್ಳಬೇಡಿ, ಅವು ತುಕ್ಕು ಹಿಡಿದು ಕರಗುವುದಿಲ್ಲ. ಗಂಟು ಬಿಗಿಯುವ ಮೊದಲು ದಾರವನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳಿ. ಒಣ ನೈಲಾನ್ ತಿಕ್ಕಾಟದ ಬಿಸಿಗೆ ಅಲ್ಲೇ ಸೊರಗುತ್ತದೆ.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ ನವೆಂಬರ್‌ನಲ್ಲಿ ನೀರು ಇನ್ನೂ ತುಂಬಿರುವಾಗ ಸುತ್ತು ಸೀಸ ಬಲ್ಲವರ ಜೊತೆ ಹೋಗಿ ಎನ್ನುತ್ತೇನೆ. ಜನವರಿಯಿಂದ ಕವಲು ರಿಗ್, ಕಲ್ಲಿನ ಭಾರ, ಹೇರ್ ರಿಗ್‌ನ ಕೊಕ್ಕೆ. ಏಪ್ರಿಲ್‌ನ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹೋರಾಡಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಬಿಸಿಲೇರುವ ಮೊದಲೇ ರಾಡ್ ಮಡಚಿ. ದುಬಾರೆಯ ಕಡೆಯ ದಡದಲ್ಲಿ ಆನೆ ನೀರಿಗೆ ಇಳಿಯುವ ಹೊತ್ತಿಗೆ ಕುಳಿತಿರಬೇಡಿ, ರಿಗ್ ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ.

ಕೊಕ್ಕೆಯೇ ಬಂಡೆಗೆ ಸಿಕ್ಕಿದರೆ ರಾಡ್‌ನಿಂದ ಎಳೆಯಬೇಡಿ. ಮುಂಗೈಗೆ ದಾರ ಸುತ್ತಿಕೊಳ್ಳಲೂಬೇಡಿ, ಮಾಂಸಕ್ಕೆ ಇಳಿಯುತ್ತದೆ. ಒಂದು ಕೋಲಿಗೆ ನಾಲ್ಕು ಸುತ್ತು ಸುತ್ತಿ, ರಾಡನ್ನು ಕೆಳಗಿಟ್ಟು, ನೇರವಾಗಿ ಹಿಂದಕ್ಕೆ ನಡೆಯಿರಿ. ಸಾಮಾನ್ಯವಾಗಿ ಕೊಕ್ಕೆಯ ಗಂಟಿನಲ್ಲೇ ಕಡಿಯುತ್ತದೆ, ಹೊಳೆಯಲ್ಲಿ ಮಾರುಗಟ್ಟಲೆ ದಾರ ಉಳಿಯುವುದಿಲ್ಲ. ವಾಪಸು ಬಂದ ದಾರದ ಕೊನೆಯ ಎರಡು ಮಾರನ್ನು ಬೆರಳುಗಳ ನಡುವೆ ಎಳೆದು ನೋಡಿ. ಒಂದು ಕಡೆ ಒರಟು ಸಿಕ್ಕಿದರೂ ಅಷ್ಟನ್ನೂ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಹೊಸದಾಗಿ ಕಟ್ಟಿ.